ಹಾಡಿಲ್ಲದ ಸಾಲು

ನಮ್ಮ ಮೈದುನನಿಗೆ ಒಂದು ತುತ್ತು ಉಪ್ಪಿಟ್ಟು ಕೊಟ್ಟು "ಹೇಗಿದೆ?" ಎಂದು ಕೇಳಿ ನೋಡಿ. ಚೆನ್ನಾಗಿದೆ ಎನ್ನುವುದಿಲ್ಲ, ಚೆನ್ನಾಗಿಲ್ಲ ಎನ್ನುವುದೂ ಇಲ್ಲ. "ಒಂದು ತುತ್ತಿನ ಮೇಲೆ ತೀರ್ಮಾನ ಹೇಳಕ್ಕಾಗಲ್ಲ ಅತ್ತಿಗೆ, ಸ್ಯಾಂಪಲ್ ಸಾಲದು" ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚುತ್ತಾನೆ!

ಸಂಶೋಧನೆ ಎಂಬ ಗಾಳಿ ಅವನಿಗೆ ಮೆಟ್ಟಿಕೊಂಡದ್ದು ಮೇಷ್ಟರ ತರಬೇತಿಗೆಂದು ಮೈಸೂರಿಗೆ ಹೋದಾಗ. ಅಲ್ಲಿ ಯಾರೋ ಪ್ರೊಫೆಸರು "ನೋಡದೆ ನಂಬಬೇಡಿ, ಎಣಿಸದೆ ಹೇಳಬೇಡಿ" ಎಂದರಂತೆ. ಆ ಪುಣ್ಯಾತ್ಮರು ಹೇಳಿ ಮರೆತಿರುತ್ತಾರೆ. ಅನುಭವಿಸಿದವರು ಅಜ್ಜಂಪುರದಲ್ಲಿದ್ದ ನಾವು.

ಹೆಣ್ಣು ನೋಡಲು ತರೀಕೆರೆಗೆ ಕರೆದುಕೊಂಡು ಹೋದೆವು. ಹುಡುಗಿ ಲಕ್ಷಣವಾಗಿದ್ದಳು, ಕೇಸರಿಬಾತು ಘಮಘಮ ಎನ್ನುತ್ತಿತ್ತು. ನಮ್ಮವನು ಮಾತ್ರ, ಒಂದು ಸಲದ ಫಲಿತಾಂಶ ಆಕಸ್ಮಿಕ ಇರಬಹುದು ಎಂದು ಮುಂದಿನ ಭಾನುವಾರವೂ ಹೋದ. ಅದರ ಮುಂದಿನ ಭಾನುವಾರವೂ ಹೋದ! ಹುಡುಗಿಯ ತಂದೆ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, "ಅಲ್ಲ ಸ್ವಾಮಿ, ನಿಮ್ ತಮ್ಮ ಹೆಣ್ ನೋಡಕ್ ಬತ್ತಾರೋ, ಕೇಸರಿಬಾತ್ ನೋಡಕ್ ಬತ್ತಾರೋ?" ಎಂದು ಕೇಳಿಯೇಬಿಟ್ಟರು. ಅಷ್ಟರಲ್ಲಿ ಕಡೂರಿನವನೊಬ್ಬ ಒಂದೇ ನೋಟಕ್ಕೆ ಒಪ್ಪಿ ಹುಡುಗಿಯನ್ನು ಮದುವೆಯಾದ. ನಮ್ಮವನಿಗೇನೂ ಬೇಜಾರಿಲ್ಲ. "ಆತುರಗಾರ" ಎಂದ, ಅಷ್ಟೆ.

ಆಮೇಲೆ ರೈಲು ಹಿಡಿದ. ಹಿಡಿದ ಎಂದರೆ ಹತ್ತಿದ ಎಂದಲ್ಲ! ಬೀರೂರಿಗೆ ಹೋಗುವ ಸಂಜೆಯ ರೈಲು ದಿನಾ ತಡ ತಾನೇ? ತಿಂಗಳುಗಟ್ಟಲೆ ಸ್ಟೇಷನ್ನಿನಲ್ಲಿ ನಿಂತು ತಡದ ಸರಾಸರಿ ತೆಗೆದ. ಅದನ್ನೇ ನೆಚ್ಚಿಕೊಂಡು ಒಂದು ಮದುವೆಗೆ ನಮ್ಮನ್ನೆಲ್ಲ ನಿಧಾನವಾಗಿ ಹೊರಡಿಸಿದರೆ, ಅವತ್ತು ರೈಲು ಸರಿಯಾದ ಹೊತ್ತಿಗೆ ಬಂದು ಹೋಗಿತ್ತು!

ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವನ ಮಾತು ಉಗ್ಗುತ್ತದೆ. ಚಿಕ್ಕಂದಿನಲ್ಲಿ ಇನ್ನೂ ಜಾಸ್ತಿಯಿತ್ತಂತೆ, ಬಾಯಿಂದ ಒಂದು ಮಗ್ಗಿಯೂ ಹೊರಡುತ್ತಿರಲಿಲ್ಲವಂತೆ. ಆಗ ನಮ್ಮ ಅತ್ತೆ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಮಗ್ಗಿಗಳಿಗೆಲ್ಲ ಸೋಬಾನೆಯ ಧಾಟಿ ಹಾಕಿ ಹಾಡಿಸಿದರಂತೆ. ಹಾಡಿದರೆ ಮಾತು ತಡೆಯುತ್ತಿರಲಿಲ್ಲ. ಆ ಅಭ್ಯಾಸ ಹಾಗೇ ಉಳಿದು, ದೊಡ್ಡವನಾದ ಮೇಲೂ ಜಗಳವನ್ನು ಹಾಡಿಯೇ ಆಡುತ್ತಾನೆ. ಅವತ್ತೂ ಸ್ಟೇಷನ್ ಮಾಸ್ತರರ ಮುಂದೆ ನಿಂತು, ರೈಲು ಸರಾಸರಿಗೆ ಮರ್ಯಾದೆ ಕೊಡಲಿಲ್ಲವೆಂದು ರಾಗವಾಗಿ ಬೈದ. ಅವರು ಪೂರ್ತಿ ಕೇಳಿ, "ಧಾಟಿ ಚೆನ್ನಾಗೈತೆ ಮೇಷ್ಟ್ರೇ, ಆದ್ರೆ ರೈಲು ಹೋಯ್ತು" ಎಂದರು.

ನಯಾಪೈಸೆ ಬಂದ ಹೊಸತದು. ಆಣೆಯ ಲೆಕ್ಕ ಕಲಿತ ಹಿರಿಯರೆಲ್ಲ ತಬ್ಬಿಬ್ಬಾಗಿದ್ದರು. ಮೈದುನನ ಶಾಲೆಗೆ ಬಂದ ಇನ್‌ಸ್ಪೆಕ್ಟರು, "ಹಾಡಿನ ಪಿರಿಯಡ್ ತೆಗೆದು ಲೆಕ್ಕಕ್ಕೆ ಹಾಕ್ರೀ. ಹಾಡು ಹೊಟ್ಟೆಗೆ ಹಿಟ್ಟು ಕೊಡ್ತದೇನ್ರೀ?" ಎಂದರು. ಮೈದುನನಿಗೆ ಜೀವ ಹೋದಂತಾಯಿತು.

"ಹಾಡಿದ ಮಕ್ಕಳಿಗೆ ಲೆಕ್ಕ ಬೇಗ ಬತ್ತದೆ ಸಾರ್!"

"ಪುರಾವೆ?"

ಪುರಾವೆ! ಅವನಿಗೆ ಬೇಕಾಗಿದ್ದೂ ಅದೇ. ಬೇಸಿಗೆ ರಜೆಗೆ ಮುಂಚೆಯೇ ತೋರಿಸುತ್ತೇನೆಂದು ಒಪ್ಪಿಕೊಂಡು ಬಂದ. ಚೀಟಿ ಎತ್ತಿಸಿ ತರಗತಿಯನ್ನು ಎರಡು ಸಾಲು ಮಾಡಿದ. ಒಂದು ಸಾಲಿಗೆ ಮಗ್ಗಿಯನ್ನು ಹಾಡಿ ಕಲಿಸುವುದು, ಇನ್ನೊಂದಕ್ಕೆ ಬರೀ ಬಾಯಿಪಾಠ. ಕೊನೆಗೆ ಎರಡಕ್ಕೂ ಒಂದೇ ಪರೀಕ್ಷೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಇದನ್ನು ಕೇಳಿ ಹೌಹಾರಿದರು. "ಅದೆಂಥದೋ? ಒಂದೇ ಪಂಕ್ತೀಲಿ ಕೂರ್ಸಿ ಅವ್ರಿಗೆ ಪಾಯ್ಸ, ಇವ್ರಿಗೆ ನೀರುಮಜ್ಜಿಗೆನಾ? ಪಂಕ್ತಿಭೇದ ಮಾಡಬಾರ್ದು ಕಣೋ, ಪಾಪ ಸುತ್ಕೊಳ್ತದೆ!"

"ಅವ್ವಾ, ಇದು ಊಟ ಅಲ್ಲ, ಸೈನ್ಸು."

"ಸೈನ್ಸಿನೋರಿಗೆ ಹಸಿವಾಗಲ್ವೇನೋ?"

ಅಷ್ಟರಲ್ಲಿ ನಾನು ಬಾಣಂತನಕ್ಕೆಂದು ಸಿಂಗಟಗೆರೆಯ ತವರಿಗೆ ಹೋದೆ. ಮಗುವನ್ನು ಎತ್ತಿಕೊಂಡು ವಾಪಸು ಬಂದ ದಿನವೇ ಆ ಪರೀಕ್ಷೆ. ಅಲ್ಲಿ ನಡೆದದ್ದನ್ನು ಮೈದುನನೇ ಆಮೇಲೆ ಹೇಳಿದ. ಇನ್‌ಸ್ಪೆಕ್ಟರು ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಹಾಡಿನ ಸಾಲು ತಲೆಯಾಡಿಸುತ್ತ ಲೆಕ್ಕ ಮಾಡುತ್ತಿತ್ತಂತೆ, ಸರಿ. ಹಾಡಿಲ್ಲದ ಸಾಲೂ ತಲೆಯಾಡಿಸುತ್ತಿದೆ! ತುಟಿಗಳು ಕುಣಿಯುತ್ತಿವೆ! ಹತ್ತಿರ ಹೋಗಿ ಕಿವಿಗೊಟ್ಟರೆ, ಅವನ ಅವ್ವನ ಅದೇ ಸೋಬಾನೆಯ ಧಾಟಿ. ಇವನು ಪಟ್ಟು ಬಿಡದೆ ಸಂಜೆ ರೈಲಿನ ತಡ ಎಣಿಸಲು ಸ್ಟೇಷನ್ನಿಗೆ ಹೋದಾಗಲೆಲ್ಲ ನಮ್ಮ ಜಗಲಿಯಲ್ಲಿ ಬೇರೆಯೇ ಶಾಲೆ ನಡೆದಿತ್ತು!

ಎರಡು ಸಾಲಿಗೂ ಒಂದೇ ಸಮ ನಂಬರು ಬಂತು. "ಹಾಡಿದೋರೂ ಅಷ್ಟೇ, ಹಾಡದೋರೂ ಅಷ್ಟೇ. ಅಂದ್ಮೇಲೆ ಹಾಡು ಯಾಕ್ರೀ?" ಎಂದರು ಇನ್‌ಸ್ಪೆಕ್ಟರು.

"ಸಾರ್, ಆ ಸಾಲಿಗೂ ಯಾರೋ ಹಾಡು ಹೇಳ್ಕೊಟ್ಟಿದಾರೆ."

"ಅದಕ್ಕೆ ಪುರಾವೆ?"

ಹಾಡಿನ ಪಿರಿಯಡ್ ಹೋಯಿತು.

ಮೈದುನ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದು, ನಡುಮನೆಯಲ್ಲಿ ನಿಂತು ರಾಗ ಎತ್ತಿದ. "ಅವ್ವಾ, ನನ್ನ ಸಂಶೋಧನೆ ಕೆಡಿಸ್ಬಿಟ್ಟೆಯಲ್ಲಾ..."

ಅತ್ತೆ ನನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. ತಲೆಯೆತ್ತಲಿಲ್ಲ. "ಕೂತ್ಕೊಳೋ. ಹಾಡಿಲ್ಲದ ಸಾಲಲ್ಲಿ ಕೆರೆ ಏರಿ ಕೆಳಗಿನ ಮನೆ ಹುಡುಗಿ ಐತಲ್ಲ, ಬಾಯಿ ತೆಗೆದ್ರೆ ಉಗ್ಗುತ್ತೆ. ನಿನ್ ಹಂಗೇ. ಚೀಟೀಲಿ ಬರ್ಲಿಲ್ಲ ಅಂತ ಅದಕ್ಕೆ ಹಾಡು ಇಲ್ಲ ಅಂದ್ಬಿಡ್ಲಾ? ಅದೊಂದಕ್ಕೇ ಹೇಳ್ಕೊಟ್ರೆ ಮಿಕ್ಕೋವಕ್ಕೆ ಭೇದ ಮಾಡ್ದಂಗಾಗ್ತದೆ. ಅದಕ್ಕೇ ಇಡೀ ಸಾಲಿಗೇ ಬಡಿಸ್ದೆ."

ರಾಗ ಅರ್ಧಕ್ಕೇ ನಿಂತಿತು. ಮೈದುನ ಗೋಡೆಗೆ ಒರಗಿ ಕೂತ. ಹಾಡದೆಯೇ, ತಡವರಿಸುತ್ತ ಕೇಳಿದ. "ಅ... ಅದಕ್ಕೆ ಮಾತು ಬಂತಾ ಅವ್ವಾ?"

"ಏಳರ ಮಗ್ಗಿ ಎಲ್ಲೂ ನಿಲ್ದಂಗೆ ಹೇಳ್ತದೆ ಕಣೋ."

ಒಂದೇ ಹುಡುಗಿ! ಸ್ಯಾಂಪಲ್ ಸಾಲದು ಎನ್ನುತ್ತಾನೆಂದು ನಾನು ಕಾದೆ. ಅವನು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

"ಸಾಕು ಬಿಡವ್ವ, ಒಂದು ಸಾಕು" ಎಂದ.

ಮರುದಿನ ಸಂಜೆ ರೈಲು ಎಷ್ಟು ತಡವಾಗಿ ಬಂತೋ, ಅಜ್ಜಂಪುರದಲ್ಲಿ ಯಾರೂ ಲೆಕ್ಕ ಇಡಲಿಲ್ಲ. ನಮ್ಮ ಜಗಲಿಯಲ್ಲಿ ಎರಡು ಸಾಲೂ ಕೂಡಿ ಏಳರ ಮಗ್ಗಿ ಹಾಡುತ್ತಿದ್ದವು. ಕೆರೆ ಏರಿ ಕೆಳಗಿನ ಮನೆ ಹುಡುಗಿಯ ಪಕ್ಕದಲ್ಲಿ, ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವನು ನಮ್ಮ ಮೈದುನ.