ಗ್ರೀಸಿನ್ಯಾಗ ಗದಗ ಬಸ್ ಸ್ಟ್ಯಾಂಡು

ನಮ್ಮ ಮನ್ಯಾಗ ಯಾರರೆ ‘ಆರಾಮ’ ಅನ್ನೂ ಮಾತು ತಗದ್ರ ಸಾಕು, ಅವತ್ತಿಂದ ಎಲ್ಲಾರ ಆರಾಮೂ ಹೋಗ್ತದ. ಇದೇನು ಹೊಸಾದಲ್ಲ, ಮದುವಿ ಆದಾಗಿಂದ ಹಿಂಗ ನಡದದ. ಈ ಬ್ಯಾಸಗಿಗೆ ಆ ಮಾತು ತಗದವ್ರು ನಮ್ಮ ಮನಿಯವ್ರು. ಜರ್ಮನಿಯ ರೆನ್ನಿಂಗೆನ್ನಿನ್ಯಾಗ ಕಾರಿನ ಬ್ರೇಕ್ ಮ್ಯಾಲೆ ರಿಸರ್ಚ್ ಮಾಡೂ ಮನಶ್ಯಾ. “ಈ ಸಲ ಗ್ರೀಸಿನ ದ್ವೀಪಕ್ಕ ಹೋಗೂಣು. ನೀ ಒಂದು ಕಡ್ಡಿ ಸುದ್ದಾ ಎತ್ತಬ್ಯಾಡ. ಸಮುದ್ರದ ದಂಡ್ಯಾಗ, ಛತ್ರಿ ನೆಳ್ಳಾಗ, ಸುಮ್ಮನ ಮಲಕ್ಕೋ” ಅಂದ್ರು.

ಖರೇ ಹೇಳ್ತೀನಿ, ನಂಗ ಕಣ್ಣಾಗ ನೀರು ಬಂತು. ನೌಕರಿ, ಅಡಗಿ, ಮಗಳ ಸಾಲಿ ಅಂತ ಓಡ್ಯಾಡಿ ನಂಗ ಬೇಕಾಗಿದ್ದು ಅದೊಂದ. ಯಾರೂ “ಏ, ಇಲ್ಲಿ ಬಾ” ಅನ್ನಲಾರದ ಒಂದು ನಿದ್ದಿ. ಗದಗದಿಂದ ಬಂದಿದ್ದ ನಮ್ಮ ಅತ್ತಿಯವ್ರು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ್ರು. ಮಗಳು ಈಜೂ ಚಸ್ಮಾ ಹಾಕ್ಕೊಂಡ ವಿಮಾನ ಹತ್ತಿದ್ಳು. ನಾ ನಿದ್ದಿ ಆಸೆ ಕಟಗೊಂಡು ಹೊಂಟೆ.

೧. ಒಣಾ ಹಾಕಿದ ಟವೆಲ್

ಮೊದಲನೇ ದಿನ ಮುಂಜಾನೆ ಅತ್ತಿಯವ್ರು ಎಲ್ಲಾರಕಿಂತ ಮೊದಲ ಎದ್ದು ವಾಕಿಂಗ್ ಅಂತ ದಂಡಿ ಕಡೆ ಹೋದ್ರು. ನಾವು ನಾಷ್ಟಾ ಮುಗಿಸಿ ಹೋಗೂದ್ರಾಗ ಅಲ್ಲಿ ದೊಡ್ಡ ಗದ್ದಲ. ಆ ಹೋಟೆಲ್ಲಿನ್ಯಾಗ ಗ್ರೀಸಿನವ ಅಂದ್ರ ಮ್ಯಾನೇಜರ್ ಒಬ್ಬನ, ಉಳಿದವ್ರೆಲ್ಲಾ ನಮ್ಮಂಗ ಜರ್ಮನಿಯಿಂದ ಬಂದ ಮಂದಿ. ಎಲ್ಲಾರೂ ಒಂದು ಟವೆಲ್ ಗುಡ್ಡಿ ಸುತ್ತ ನಿಂತು “ಇದು ನಂದು, ಅದು ನಂದು” ಅಂತ ಎಳದಾಡಲಿಕ್ಕತ್ತಿದ್ರು.

ಗುಡ್ಡಿ ಬಾಜೂಕ ನಮ್ಮ ಅತ್ತಿಯವ್ರು ನಗಕೋತ ನಿಂತಿದ್ರು. “ಪಾಪ, ಒಣಾ ಹಾಕಿ ಮರತು ಮಲಗ್ಯಾರ ಕಾಣಸ್ತದ. ಗಾಳಿಗೆ ಹಾರಿ ಹೋದಾವು ಅಂತ ಎಲ್ಲಾ ಮಡಚಿ ಇಟ್ಟೇನಿ. ನೋಡು, ಬಣ್ಣದ್ದು ಬ್ಯಾರೆ, ಬಿಳೇವು ಬ್ಯಾರೆ.”

ಮಗಳು ತಲಿ ಹಿಡಕೊಂಡ್ಳು. ಅಜ್ಜಿಗೆ ಆಕಿ ಓಮಾ ಅಂತಾಳ. “ನೈನ್, ಓಮಾ! ಅದು ಒಣಾ ಹಾಕಿದ್ದಲ್ಲ. ಲೀಗೆ ರಿಸರ್ವ್ ಮಾಡಿದ್ದು!”

ಲೀಗೆ ಅಂದ್ರ ದಂಡಿ ಮ್ಯಾಲೆ ಛತ್ರಿ ಕೆಳಗ ಇಟ್ಟಿರ್ತಾರಲ್ಲ, ಆ ಉದ್ದನ್ನ ಮಲಗೂ ಖುರ್ಚಿ. ಮುಂದಿನ ಸಾಲಿಂದು ಬೇಕಂದ್ರ ನಸುಕಿನ್ಯಾಗ ಎದ್ದು ಬಂದು, ಟವೆಲ್ ಹಾಸಿ, ಹೊಳ್ಳಿ ಹೋಗಿ ರೂಮಿನ್ಯಾಗ ಮಲಗೂದು ಈ ಮಂದಿ ಪದ್ಧತಿ. ನೀಲಿ ಟೊಪಗಿ ಹಾಕ್ಕೊಂಡ ಹಿರಿಯರೊಬ್ರಂತೂ ಬಾಳ ಸಿಟ್ಟಿಗೆದ್ದಿದ್ರು. ನಾ ಎಲ್ಲಾರಿಗೂ ಮಾಫಿ ಕೇಳಿ ಕೇಳಿ ಸಾಕಾದೆ. ಅತ್ತಿಯವ್ರು ಮಾತ್ರ ಹಿಗ್ಗಿ ಹೋಗಿದ್ರು.

“ಅಂದ್ರ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಂಗ! ಅಯ್ಯ, ಇದು ನಮ್ಮ ಗದಗ ಬಸ್ ಸ್ಟ್ಯಾಂಡಿನ ವಿದ್ಯಾ. ಆದ್ರ ಇವ್ರು ಬಸ್ ಬರೂಕಿಂತ ಮೊದಲ ಒಗೀತಾರಲ್ಲ, ಇದು ಮೋಸ!”

೨. ಬ್ರೇಕ್ ಇಂಜಿನಿಯರ್

ನಮಗ ಸಿಕ್ಕಿದ್ದು ಹಿಂದಿನ ಸಾಲು, ಅಡಗಿಮನಿ ಹೊಗಿ ಬಾಜೂಕ. ಮುಂದಿನ ಯಾವ ಲೀಗೆ ಹತ್ರ ಹೋದ್ರೂ “ಬೆಸೆಟ್ಸ್ಟ್!” ಅಂತಿದ್ರು. ಇದು ಹಿಡದದ, ಮುಂದ ನಡೀರಿ ಅಂತ ಅರ್ಥ. ಕೇಳಿ ಕೇಳಿ ಅತ್ತಿಯವ್ರಿಗೂ ಆ ಶಬ್ದ ಬಾಯಿಪಾಠ ಆತು. ನನ್ನ ಮಾರಿ ನೋಡಿ ಮನಿಯವ್ರು “ನಾಳೆ ನಾ ನಸುಕಿನ್ಯಾಗ ಹೋಗಿ ಹಿಡೀತೀನಿ” ಅಂತ ಮಾತು ಕೊಟ್ರು.

ಮರುದಿನ ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು ಹೋದವ್ರು ನಾಷ್ಟಾ ಮುಗದ್ರೂ ಪತ್ತೆ ಇಲ್ಲ. ನಾನ ಹುಡುಕ್ಕೋತ ಹೋದೆ. ನೋಡಿದ್ರ ಆ ನೀಲಿ ಟೊಪಗಿಯವ್ರ ಜೋಡಿ ನೀರಿನ ದಂಡ್ಯಾಗ ನಿಂತು ಮಾತೋ ಮಾತು. ಅವ್ರ ಊರು ವೈಲ್ ಡೆರ್ ಸ್ಟಾಟ್, ನಮ್ಮ ರೆನ್ನಿಂಗೆನ್ ಟ್ರೇನಿನ ಕಡೀ ಸ್ಟೇಷನ್ನು! ಅದು ಗೊತ್ತಾಗಿದ್ದ ತಡ, ಇಬ್ರೂ ಕಸದ ಡಬ್ಬಿ ವಿಷಯಕ್ಕ ಇಳದಿದ್ರು. ಯಾವ ವಾರ ಹಳದಿ ಡಬ್ಬಿ, ಯಾವ ವಾರ ಕಂದು ಡಬ್ಬಿ ಅಂತ.

“ಟವೆಲ್ ಎಲ್ಲಿ ಹಾಸೀರಿ?” ಅಂತ ಕೇಳಿದೆ.

ಹೆಗಲು ಮುಟ್ಟಿ ನೋಡ್ಕೊಂಡ್ರು. ಟವೆಲ್ ಅಲ್ಲೇ ಇತ್ತು. ಮುಂದಿನ ಸಾಲು ಪೂರಾ ಭರ್ತಿ.

“ಆದ್ರ ಒಂದು ಛಲೋ ಸುದ್ದಿ ಅದ. ಹಳೇ ಸೋಫಾ ಒಗೀಬೇಕಂದ್ರ ಫೋನ್ ಮಾಡಿದ್ರ ಸಾಕಂತ, ಮನಿತನಾ ಬಂದು ಒಯ್ತಾರಂತ.”

“ಫೋನ್ ಮಾಡ್ರಿ. ಸೋಫಾದ ಮ್ಯಾಲೆ ನಿಮ್ಮನ್ನೂ ಕುಂಡ್ರಿಸಿ ಕಳಸ್ತೀನಿ” ಅಂದೆ.

೩. ಮೂರು ಮುಳುಗು

ಹಿಂದಿನ ಸಾಲಿನ್ಯಾಗ ಒಂದು ಸಲ ಕಣ್ಣು ಹತ್ತಿತ್ತು ನೋಡ್ರಿ. ಅಷ್ಟರಾಗ ಮಗಳು ಓಡಿ ಬಂದ್ಳು. “ಮಮ್ಮಾ, ಶ್ನೆಲ್, ಲಗೂ ಬಾ! ಓಮಾ ಕ್ಲಾಸ್ ತಗೋಳಿಕ್ಕತ್ಯಾಳ!”

ಎದ್ದು ಓಡಿದೆ. ಅತ್ತಿಯವ್ರು ಇಳಕಲ್ ಸೀರಿ ಉಟಗೊಂಡು, ನಡಮಟ ನೀರಾಗ, ಸೂರ್ಯಾನ ಕಡೆ ಮಾರಿ ಮಾಡಿ ನಿಂತಿದ್ರು. ಮೂಗು ಹಿಡಕೊಂಡು ಮೂರು ಮುಳುಗು, ಆಮ್ಯಾಲೆ ಬೊಗಸ್ಯಾಗ ನೀರು ತಗೊಂಡು ಮ್ಯಾಲೆ ಎತ್ತಿ ಬಿಡೂದು. ಅವ್ರ ಹಿಂದ ಜರ್ಮನ್ ಹೆಣ್ಣಮಕ್ಕಳು ಸಾಲು ಹಚ್ಚಿ ನಿಂತು, ಮೂಗು ಹಿಡಕೊಂಡು, ಬುಳು ಬುಳು ಮುಳಗಲಿಕ್ಕತ್ತಿದ್ರು.

ನೀಲಿ ಟೊಪಗಿಯವ್ರ ಹೆಂಡತಿ ಎಲ್ಲಾರಕಿಂತ ಮುಂದ. ಇದರಿಂದ ಏನು ಉಪಯೋಗ ಅಂತ ಆಕಿ ನನ್ನ ಮಗಳನ್ನ ಕೇಳಿದ್ಳು.

“ಮಾಡಿದ ಪಾಪ ಹೋಗ್ತದ ಅಂತ ಹೇಳವಾ” ಅಂದ್ರು ಅತ್ತಿಯವ್ರು. ಮಗಳು ಜರ್ಮನ್‌ದಾಗ “ಮೈಯಾಗಿನ ವಿಷ ಹೋಗ್ತದ” ಅಂತ ಹೇಳಿದ್ಳು. ಎಲ್ಲಾರೂ ಇನ್ನೊಮ್ಮೆ ಮುಳಗಿದ್ರು.

“ನನ್ನ ಗಂಡಗೂ ಮೂರ ಸಾಕೇನು?” ಅಂತ ಕೇಳಿದ್ಳು ಆಕಿ.

ಅತ್ತಿಯವ್ರು ದೂರ ಲೀಗೆ ಮ್ಯಾಲೆ ಸೊಟ್ಟ ಮಾರಿ ಮಾಡ್ಕೊಂಡು ಮಲಗಿದ್ದ ನೀಲಿ ಟೊಪಗಿಯವ್ರನ್ನ ನೋಡಿದ್ರು. “ಸಂಜೀತನಾ ಮುಳಗಲಿ ಅಂತ ಹೇಳು.”

ಕ್ಲಾಸ್ ಮುಗೀತು. ಆ ತೊಯ್ದ ಸೀರಿ ಒಂದು ತುದಿ ಕಂಬಕ್ಕ ಕಟ್ಟಿದ್ರು. ಇನ್ನೊಂದು ತುದಿ ಹಿಡಕೊಂಡು ಒಣಗೂತನಾ ನಿಂತಾಕಿ ನಾನು.

೪. ಹಗ್ಗ

ಟವೆಲ್ ಜಗಳ ಬಗೀಹರಿಸಿ ಬ್ಯಾಸತ್ತ ಮ್ಯಾನೇಜರ್ ಕಡೀಕ ಒಂದು ನಿಯಮ ಮಾಡಿದ. ಮುಂಜಾನೆ ಎಂಟು ಗಂಟೆತನಾ ದಂಡಿಗೆ ಅಡ್ಡ ಹಗ್ಗ ಕಟ್ಟಿರ್ತದ, ಬಿಚ್ಚಿದ ಮ್ಯಾಲೆ ಟವೆಲ್ ಹಾಸ್ರಿ ಅಂತ. ಅಷ್ಟೊತ್ತಿಗೆ ನಮ್ಮ ರಜಾ ಮುಗೀಲಿಕ್ಕೆ ಬಂದಿತ್ತು, ಉಳಿದಿದ್ದು ಒಂದ ದಿನ. ಹಿಂದಿನ ಸಂಜಿ ನಾ ಮಂಚದ ಮ್ಯಾಲೆ ಕುಂತು ಅತ್ತುಬಿಟ್ಟೆ. “ಇಷ್ಟು ದೂರ ಬಂದು ಒಂದು ತಾಸರೆ ಮಲಗೇನೇನ್ರಿ ನಾ?”

ಅತ್ತಿಯವ್ರು ನನ್ನ ತಲಿ ಸವರಿದ್ರು. “ಅಳಬ್ಯಾಡ ನಮ್ಮವ್ವಾ. ನಾಳೆ ನಿನ್ನ ಸೀಟು ನನ್ನ ಜವಾಬ್ದಾರಿ.”

ಮುಂಜಾನೆ ಹಗ್ಗದ ಹಿಂದ ಎಲ್ಲಾರೂ ಟವೆಲ್ ಹಿಡಕೊಂಡು ತಯಾರು. ನೀಲಿ ಟೊಪಗಿಯವ್ರು ಎಲ್ಲಾರಕಿಂತ ಮುಂದ. ಅತ್ತಿಯವ್ರಿಗೆ ಮೊಣಕಾಲು ಬ್ಯಾನಿ, ಓಡಲಿಕ್ಕೆ ಆಗಂಗಿಲ್ಲ. ಅವ್ರು ಟವೆಲ್ಲಿನ ಒಂದು ತುದಿ ತೋಯಿಸಿ ಗಂಟು ಹಾಕಿದ್ರು, ಸೆರಗು ಸಿಗಿಸಿದ್ರು. ಹಗ್ಗ ಬಿಚ್ಚಿದ ಕೂಡಲೆ ಎಲ್ಲಾರೂ ಬಿದ್ದು ಎದ್ದು ಓಡಿದ್ರು. ಅತ್ತಿಯವ್ರು “ಏಯ್, ಸರೀರಿ!” ಅಂತ ಒದರಿ, ನಿಂತಲ್ಲಿಂದನ ಒಗದ್ರು ನೋಡ್ರಿ. ಟವೆಲ್ ಎಲ್ಲಾರ ತಲಿ ದಾಟಿ, ನೀಲಿ ಟೊಪಗಿ ಸವರಿಕೊಂಡು ಹೋಗಿ, ಮುಂದಿನ ಸಾಲಿನ ನಟ್ಟನಡುವಿನ ಲೀಗೆ ಮ್ಯಾಲೆ ಬಿತ್ತು.

ಓಡೂ ಮಂದಿ ಎಲ್ಲಾ ನಿಂತ್ರು. ನೀಲಿ ಟೊಪಗಿಯವ್ರ ಮಾರಿ ನೋಡಿದ್ರು. ಅವ್ರು ಗಡಿಯಾರ ನೋಡಿದ್ರು, ಹಗ್ಗ ನೋಡಿದ್ರು, ಟವೆಲ್ ನೋಡಿದ್ರು.

“ಎಂಟು ಹೊಡದ ಮ್ಯಾಲೇನ ಬಿದ್ದದ. ನಿಯಮ ಅಂದ್ರ ನಿಯಮ” ಅಂದ್ರು. ಎಲ್ಲಾರೂ ಚಪ್ಪಾಳಿ ತಟ್ಟಿದ್ರು.

ನಾ ಹೋಗಿ ಮಲಗಿದೆ. ಛತ್ರಿ ನೆಳ್ಳು, ತಂಪು ಗಾಳಿ. ಆಹಾ, ಜೀವಕ್ಕ ಹಾಯ್ ಅನಸ್ತು. ಕಣ್ಣು ಮುಚ್ಚಿದೆ.

“ಸ್ವಲ್ಪ ಸರೀವಾ.”

ಅತ್ತಿಯವ್ರು ಕಾಲ ಕಡೆ ಕುಂತ್ರು. ಬಸ್ಸಿನ ಸೀಟು ಸಿಕ್ಕ ಮ್ಯಾಲೆ ಒಬ್ರ ಕುಂಡ್ರೂದು ಅವ್ರ ಲೆಕ್ಕದಾಗ ಇಲ್ಲ. ಮಗಳು ಬಂದ್ಳು, ರೊಟ್ಟಿ ಗಂಟು ಹಿಡಕೊಂಡು ಮನಿಯವ್ರೂ ಬಂದ್ರು. ತೀರ್ಪು ಕೊಡೂದ್ರಾಗ ನೀಲಿ ಟೊಪಗಿಯವ್ರಿಗೆ ಲೀಗೆನ ಸಿಕ್ಕಿರಲಿಲ್ಲ. ಗಂಡ ಹೆಂಡತಿ ಟವೆಲ್ ಹಿಡಕೊಂಡು ನಿಂತಿದ್ರು. ಅತ್ತಿಯವ್ರು ಕೈ ಮಾಡಿ ಕರದ್ರು.

“ಬರ್ರಿ ಬರ್ರಿ, ಅಡ್ಜಸ್ಟ್ ಮಾಡ್ಕೊಂಡು ಕುಂಡ್ರೂಣು. ಮುಂದಿನ ಸ್ಟಾಪಿನ್ಯಾಗ ಯಾರರೆ ಇಳೀತಾರ!”

ನೀಲಿ ಟೊಪಗಿಯವ್ರು ಕಾಲ ಕಡೆ ತುದಿಗೆ ಕುಂತಿದ್ದ ತಡ, ನನ್ನ ತಲಿ ಕಡೆ ಲೀಗೆ ತುದಿ ಮ್ಯಾಲಕ್ಕ ಎದ್ದು, ನಾ ಸೀದಾ ಜಾರಿ ಅವ್ರ ತೊಡಿ ಮ್ಯಾಲೆ ಬಿದ್ದೆ. ಛತ್ರಿ ನಮ್ಮೆಲ್ಲಾರ ಮ್ಯಾಲೆ, ಶೇಂಗಾ ಚಟ್ನಿ ಛತ್ರಿ ಮ್ಯಾಲೆ.

೫. ಕಡೀ ಸ್ಟಾಪು

ಹೊಳ್ಳಿ ಬರುವಾಗ ಸ್ಟುಟ್‌ಗಾರ್ಟಿನ್ಯಾಗ ಎಸ್-ಬಾನ್ ಟ್ರೇನು ತುಂಬಿ ತುಳಕಲಿಕ್ಕತ್ತಿತ್ತು. ನಿಲ್ಲಲಿಕ್ಕೂ ತ್ರಾಣಿಲ್ಲ ನಂಗ. ಬಾಗಲಾ ತಗದ ಕೂಡಲೆ ನನ್ನ ಕಿವಿ ಬಾಜೂಕ ಏನೋ ಸುಂಯ್ ಅಂತ ಹೋತು. ನೋಡಿದ್ರ ಅದ ಮರಳು ಹತ್ತಿದ ಟವೆಲ್, ಕಿಡಕಿ ಬಾಜೂಕಿನ ಸೀಟಿನ ಮ್ಯಾಲೆ. ಅತ್ತಿಯವ್ರು ನನ್ನ ಕೈ ಹಿಡದು ಎಳಕೊಂಡು ಹೋಗಿ ಕುಂಡ್ರಿಸಿದ್ರು. ತಾವೂ ಬಾಜೂಕ ಕುಂತು, ನನ್ನ ತಲಿ ತಮ್ಮ ತೊಡಿ ಮ್ಯಾಲೆ ಇಟಗೊಂಡ್ರು.

“ಈಗ ಮಲಕ್ಕೋ. ಯಾರು ಬರ್ತಾರ ನಾ ನೋಡ್ತೀನಿ.”

ಎಚ್ಚರಾದಾಗ ಟ್ರೇನು ಖಾಲಿ. ಹೊರಗಿನ ಬೋರ್ಡ್ ಮ್ಯಾಲೆ ವೈಲ್ ಡೆರ್ ಸ್ಟಾಟ್ ಅಂತ ಇತ್ತು. ಅಂದ್ರ ರೆನ್ನಿಂಗೆನ್ ದಾಟಿ ಕಡೀ ಸ್ಟಾಪಿಗೆ ಬಂದಿದ್ವಿ. ಮನಿಯವ್ರು ಬ್ಯಾಗ್ ಹಿಡಕೊಂಡು ಸೋತು ನಿಂತಿದ್ರು. “ನಮ್ಮ ಸ್ಟೇಷನ್ ಬಂದಾಗ ಎಬ್ಬಸ್ತೀನಿ ಅಂದೆ, ಅವ್ವ ಬಿಡಲಿಲ್ಲ.”

ಮಗಳು ಬಿದ್ದು ಬಿದ್ದು ನಗಲಿಕ್ಕತ್ತಿದ್ಳು. ಟಿಕೀಟ್ ನೋಡವ ಬಂದು ನನ್ನ ಭುಜ ಮುಟ್ಟಲಿಕ್ಕೆ ಹೋದನಂತ. ಅತ್ತಿಯವ್ರು ತುಟಿ ಮ್ಯಾಲೆ ಬಟ್ಟು ಇಟ್ಟು, ಕಣ್ಣು ಕೆಂಪಗ ಮಾಡಿ, ತಮಗ ಬರೂ ಒಂದ ಒಂದು ಜರ್ಮನ್ ಶಬ್ದ ಅಂದ್ರಂತ. “ಬೆಸೆಟ್ಸ್ಟ್!” ಪಾಪ, ಅವ ತುದಿಗಾಲ ಮ್ಯಾಲೆ ಮುಂದಿನ ಡಬ್ಬಿಗೆ ಹೋದನಂತ.

ನಂಗ ನಗೂನೂ ಬಂತು, ಅಳೂನೂ ಬಂತು. ಅತ್ತಿಯವ್ರ ಕೈ ಗಟ್ಟಿ ಹಿಡಕೊಂಡೆ.

“ಅದ ಟ್ರೇನು ಈಗ ಹೊಳ್ಳಿ ಹೋಗ್ತದಂತ. ರೆನ್ನಿಂಗೆನ್ ಬರೂತನಾ ಇನ್ನೊಂದು ಸಣ್ಣ ನಿದ್ದಿ ಹೊಡಿ” ಅಂದ್ರು.

ಹೊಡದೆ. ರೆನ್ನಿಂಗೆನ್ ಬಂತಂತ, ಹೋತಂತ. ನಂಗೇನೂ ಗೊತ್ತಿಲ್ಲ.