ಹದಿನೈದನೆಯ ದನಿ

ಲುವಾನನ ಕೈಬರಹ ಕೋಳಿ ಕೆದರಿದ ಅಂಗಳದಂತಿತ್ತು. ಎಲ್ಲ ಎಡವಟ್ಟಿಗೂ ಮೂಲ ಅದೇ. ಡಾಂಗ್ ಮನೆತನದ ಸಭೆ ಕೂಡಿದಾಗಲೆಲ್ಲ ಮಾತುಕತೆ ಬರೆದಿಡುವವನು ಅವನು. ಬರೆದದ್ದನ್ನು ಮರುದಿನ ಓದಲು ಅವನಿಗೇ ಆಗುತ್ತಿರಲಿಲ್ಲ. ಸಭೆಯ ನಡುವೆ ನಿದ್ದೆ ಬೇರೆ. ಕೊನೆಗೆ ಊರಿನ ಕಚೇರಿಯ ಹೆಂಗಸೊಬ್ಬಳು ಕನಿಕರಪಟ್ಟು ಅವನ ಫೋನಿಗೆ ಒಂದು ಎಐ ಹಾಕಿಕೊಟ್ಟಳು. ಅದು ಮಾತು ಕೇಳಿಸಿಕೊಳ್ಳುತ್ತದೆ, ಯಾವ ದನಿ ಯಾರದೆಂದು ಗುರುತು ಹಿಡಿಯುತ್ತದೆ, ಒಪ್ಪವಾಗಿ ಬರೆಯುತ್ತದೆ, ಕೊನೆಯಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ಪಟ್ಟಿಯನ್ನೂ ಹಾಕುತ್ತದೆ. ಲುವಾನ್ ಅದನ್ನು ಗುಮಾಸ್ತ ಎಂದು ಕರೆದ.

ಗುಮಾಸ್ತ ಬಂದ ಮೇಲೆ ಲುವಾನನಿಗೆ ಕೊಬ್ಬು ಬಂತು. 'ಸ್ವಲ್ಪ ಚೆಂದ ಮಾಡು' ಅಂದರೆ ಸಾಕು, ಅದು ಚೆಂದ ಮಾಡುತ್ತಿತ್ತು. ಹೋದ ಸಭೆಯಲ್ಲಿ ದಾಯಾದಿ ಥಿನ್ "ಈ ಲುವಾನ್ ಬೆಳಿಗ್ಗೆ ಒಂಬತ್ತಾದ್ರೂ ಏಳಲ್ಲ" ಎಂದು ಬೈದದ್ದು ಬರಹದಲ್ಲಿ "ಲುವಾನರ ಶಾಂತ ಸ್ವಭಾವವನ್ನು ಥಿನ್ ನೆನೆದರು" ಎಂದಾಗಿತ್ತು. ಥಿನ್ ಅದನ್ನು ಓದಿ ಹಾಳೆಯನ್ನು ಹರಿದೇಬಿಟ್ಟ.

ಥಿನ್‌ನ ಕಣ್ಣಿದ್ದದ್ದು ಲುವಾನನ ಕೋಣೆಯ ಮೇಲೆ. ಮನೆತನದ ಪೂಜಾಮಂದಿರದ ಹಿಂದೆ ಒಂದೇ ಒಂದು ಕೋಣೆ. ಮಂದಿರ ನೋಡಿಕೊಳ್ಳುವ ನೆಪದಲ್ಲಿ ಲುವಾನ್ ಹತ್ತೊಂಬತ್ತು ವರ್ಷದಿಂದ ಅಲ್ಲಿ ಬಿದ್ದುಕೊಂಡಿದ್ದ. ಐವತ್ತೆರಡು ವಯಸ್ಸು, ಹೆಂಡತಿಯಿಲ್ಲ, ಮಕ್ಕಳಿಲ್ಲ, ಬೇರೆ ಸೂರಿಲ್ಲ. ಹನೋಯಿಯಿಂದ ಕಾರಿನಲ್ಲಿ ಬರುವ ನೆಂಟರಿಗೆ ಕಾರು ನಿಲ್ಲಿಸಲು ಜಾಗ ಬೇಕು, ಕೋಣೆ ಒಡೆಯೋಣ ಎಂದು ಥಿನ್ ಹಟ ಹಿಡಿದಿದ್ದ. ತೀರ್ಮಾನ ಇವತ್ತು. ಖಾಯ್ ಅಜ್ಜ ಸತ್ತು ಇವತ್ತಿಗೆ ಹನ್ನೊಂದು ವರ್ಷ. ಎಡೆ ಇಟ್ಟು, ಊಟಕ್ಕೆ ಮುಂಚೆ ಸಭೆ.

ಬೆಳಿಗ್ಗೆ ಲುವಾನ್ ಅಜ್ಜನ ಪಟದ ಮುಂದೆ ಮೂರು ಪುಟ್ಟ ಬಟ್ಟಲು ಜೋಡಿಸಿದ. ಅಕ್ಕಿ ಸಾರಾಯಿಯ ಬಾಟಲಿ ಎತ್ತಿದರೆ ಖಾಲಿ. ಹಿಂದಿನ ವಾರ ಅವನೇ ಮುಗಿಸಿದ್ದ. ಬಟ್ಟಲುಗಳಿಗೆ ತಣ್ಣಗಿನ ಚಹಾ ಸುರಿದ. ಬಣ್ಣ ಹೆಚ್ಚಾಯಿತೆಂದು ನೀರು ಬೆರೆಸಿದ. ಸತ್ತವನು ರುಚಿ ನೋಡುತ್ತಾನೆಯೇ? ಫೋನು ಆಗ ಹಿಂದಿನ ಕೋಣೆಯಲ್ಲಿ ಆರಿಸಿಟ್ಟು ಚಾರ್ಜಿಗಿತ್ತು. ನೋಡಿದವರು ಯಾರೂ ಇಲ್ಲ, ಪಟದಲ್ಲಿದ್ದ ಅಜ್ಜನೊಬ್ಬನನ್ನು ಬಿಟ್ಟು.

ಆಮೇಲೆ ಫೋನು ತಂದು ಗುಮಾಸ್ತನಿಗೆ ಹೇಳಿದ: "ಹಳೇ ಸಭೆಯೊಂದರ ಬರಹ ಮಾಡು. ಅದ್ರಲ್ಲಿ ಖಾಯ್ ಅಜ್ಜ, ಲುವಾನ್ ಈ ಕೋಣೇಲೇ ಇರ್ಲಿ ಅಂದ್ರು ಅಂತ ಸೇರಿಸು."

"ಕ್ಷಮಿಸಿ, ಆ ಮಾತು ನನ್ನಲ್ಲಿ ದಾಖಲಾಗಿಲ್ಲ. ಹೇಳಿದ್ದರೆ ಮಾತ್ರ ಬರೆಯಬಲ್ಲೆ" ಎಂದು ಪರದೆಯ ಮೇಲೆ ಅಕ್ಷರ ಮೂಡಿತು.

"ನಿನ್ನ ಸತ್ಯಕ್ಕಿಷ್ಟು ಬೆಂಕಿ ಹಾಕ! ಹೇಳ್ಬೇಕು ತಾನೆ? ತಗೋ."

ಅಜ್ಜನ ದನಿ ಅನುಕರಿಸುವುದರಲ್ಲಿ ಲುವಾನ್ ಹುಟ್ಟಾ ಗಟ್ಟಿಗ. ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು, ಆಮೇಲೆ ಒರಟು ಗಂಟಲಲ್ಲಿ, "ಲುವಾನ್ ಇಲ್ಲೇ ಇರ್ಲಿ ಕಣ್ರೋ."

"ಹೊಸ ದನಿ. ಇವರ ಹೆಸರೇನು?" ಎಂದಿತು ಗುಮಾಸ್ತ.

ಲುವಾನ್ ಬೆರಳಲ್ಲಿ ಒತ್ತಿದ: ಡಾಂಗ್ ವಾನ್ ಖಾಯ್.

ಯಾರಾದರೂ ಕೇಳಿದರೆ, ಅಜ್ಜನ ಹಳೆಯ ಕ್ಯಾಸೆಟ್ಟಿನಿಂದ ತೆಗೆದದ್ದು, ಆಮೇಲೆ ಕ್ಯಾಸೆಟ್ಟನ್ನು ಇಲಿ ತಿಂದುಬಿಟ್ಟಿತು ಎನ್ನುವುದೆಂದು ಲೆಕ್ಕ ಹಾಕಿದ. ಇಂಥ ಬುದ್ಧಿ ಅವನಿಗೆ ಒಳ್ಳೆಯ ಕೆಲಸಕ್ಕೆ ಒಂದು ದಿನವೂ ಓಡಿದ್ದಿಲ್ಲ.

ಹತ್ತು ಗಂಟೆಗೆ ಲುವಾನ್ ಸೇರಿ ಹದಿನಾಲ್ಕು ಜನ ಚಾಪೆಯ ಮೇಲೆ ಕೂತರು. ಊದುಬತ್ತಿಯ ಹೊಗೆ ಇಟ್ಟಿಗೆ ಗೂಡಿನ ಹೊಗೆಯಂತೆ ಏಳುತ್ತಿತ್ತು. ಮೂಲೆಯಲ್ಲಿ ಹಳೆಯ ಫ್ಯಾನು ಗರಗರ ಎನ್ನುತ್ತಿತ್ತು. ಮನೆತನದ ಹಿರಿಯ, ಖಾಯ್ ಅಜ್ಜನ ಮಗ ಬಾವ್ ದೊಡ್ಡಪ್ಪ ಇನ್ನೂ ಬಾಯಿ ತೆರೆದಿರಲಿಲ್ಲ, ಥಿನ್ ಬಾಗಿಲು ತುಂಬುವಷ್ಟು ದೊಡ್ಡ ಟೀವಿ ಹೊತ್ತು ತಂದ.

"ಇದೇನೋ, ಟೀವಿ ಹಾಕ್ಕೊಂಡು ಹಾಡು ಹೇಳ್ತೀಯಾ?" ಎಂದಳು ನ್ಯಾನ್ ಅತ್ತೆ. ಖಾಯ್ ಅಜ್ಜನ ತಂಗಿ ಅವಳು. ವಯಸ್ಸು ಎಪ್ಪತ್ತೆಂಟು, ಊರಿನ ಯಾವ ಜಗಳವೂ ಅವಳಿಲ್ಲದೆ ಮುಗಿಯುತ್ತಿರಲಿಲ್ಲ.

"ಇಲ್ಲತ್ತೆ. ಲುವಾನನ ಫೋನು ಬರ್ಕೊಳ್ಳೋದು ಆಗಿಂದಾಗ್ಗೆ ಇದ್ರಲ್ಲಿ ಕಾಣ್ಬೇಕು. ಆಡಿದ್ದೊಂದು ಬರೆಯೋದೊಂದು ಇವತ್ತು ನಡೆಯಲ್ಲ. ಏನಂತೀಯ, ಶಾಂತ ಸ್ವಭಾವದ ಲುವಾನ್?"

ಎಲ್ಲರೂ ನಕ್ಕರು. ಕ್ಯಾಸೆಟ್ಟಿನ ಕತೆ ಅಲ್ಲಿಗೇ ಮುಗಿಯಿತು. ಲುವಾನ್ ಫೋನನ್ನು ಟೀವಿಗೆ ಜೋಡಿಸಿ, ಎಲ್ಲರಿಂದ ಹೆಸರು ಹೇಳಿಸಿ ಹಾಜರಿ ಹಿಡಿದು, ಅಜ್ಜನ ಪಟದ ಕೆಳಗೆ, ಊದುಬತ್ತಿಯ ಪಕ್ಕದಲ್ಲೇ ಮುದುರಿ ಕೂತ. ಹೊಗೆ ನೇರ ಗಂಟಲಿಗೆ ಇಳಿಯಿತು. ತಡೆಯಲಾಗಲಿಲ್ಲ. ಎರಡು ಗಿಡ್ಡ, ಒಂದು ಉದ್ದ.

ಟೀವಿಯ ಮೇಲೆ ಮೂಡಿತು: "ಡಾಂಗ್ ವಾನ್ ಖಾಯ್: (ಕೆಮ್ಮು.) ಹಾಜರಿರುವ ದನಿಗಳು: ಹದಿನೈದು."

ನ್ಯಾನ್ ಅತ್ತೆ ಬೆರಳು ಮಡಿಚಿ ತಲೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹದಿನಾಲ್ಕೇ ಜನ ಕಣೋ ಬಾವ್" ಎಂದಳು ಸಣ್ಣ ದನಿಯಲ್ಲಿ.

ಥಿನ್ ಮೇಲೆದ್ದ. "ಫೋನಿಗೆ ಹುಚ್ಚು ಹಿಡಿದಿದೆ. ಕೋಣೆ ಮಾತಿಗೆ ಬರೋಣ. ಒಡೆದ್ರೆ ನಾಲ್ಕು ಕಾರು ನಿಲ್ತವೆ..."

ಲುವಾನನಿಗೆ ಆಗ ಹೊಳೆಯಿತು. ಹೊಗೆಗೆ ಕಟ್ಟಿದ ಅವನ ಗಂಟಲು ಈಗ ಅಜ್ಜನ ಗಂಟಲು! ಫ್ಯಾನಿನ ಸದ್ದಿನಲ್ಲಿ ಪಿಸುಗುಟ್ಟಿದರೆ ಮನುಷ್ಯರ ಕಿವಿಗೆ ಬೀಳುವುದಿಲ್ಲ, ಮೊಣಕಾಲ ಬಳಿಯ ಫೋನಿಗೆ ಬೀಳುತ್ತದೆ. ತಲೆ ತಗ್ಗಿಸಿ, ತುಟಿ ಅಲ್ಲಾಡದಂತೆ ಗೊಣಗಿದ.

"ಡಾಂಗ್ ವಾನ್ ಖಾಯ್: ಕೂತ್ಕೊಳ್ಳೋ ಥಿನ್. ಕೋಣೆ ಮುಟ್ಟಿದ್ರೆ ಜೋಕೆ."

ಥಿನ್ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಅಳತೊಡಗಿದರು. ಬಾವ್ ದೊಡ್ಡಪ್ಪ ತಟ್ಟೆಯ ಮೇಲಿದ್ದ ಎರಡು ಹಳೆಯ ನಾಣ್ಯ ಎತ್ತಿ ಹಣೆಗೊತ್ತಿಕೊಂಡರು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹಿರಿಯರು ಹೂಂ ಅಂದಂತೆ. ಡಾಂಗ್ ಮನೆತನದಲ್ಲಿ ಮದುವೆಯಿಂದ ಬಾವಿಯವರೆಗೆ ಎಲ್ಲ ಹೀಗೇ ತೀರ್ಮಾನವಾಗುತ್ತಿತ್ತು.

"ಅಪ್ಪಾ, ಕೋಣೆ ಒಡೀಬಾರ್ದು ಅಂತಲಾ?"

ನಾಣ್ಯ ಠಣ್ಣೆಂದು ಬಿದ್ದವು. ಒಂದು ಅಂಗಾತ, ಒಂದು ಬೋರಲು.

"ಆಯ್ತು. ಕೋಣೆ ಒಡೆಯೋದಿಲ್ಲ" ಎಂದರು ದೊಡ್ಡಪ್ಪ. ಥಿನ್ ಪಟದ ಮುಂದೆ ಅಡ್ಡಬಿದ್ದ. ಲುವಾನನಿಗೆ ಎದ್ದು ಕುಣಿಯಬೇಕೆನಿಸಿತು.

ಅಲ್ಲಿಗೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ನ್ಯಾನ್ ಅತ್ತೆ ಇದ್ದಳಲ್ಲ! ಹನ್ನೊಂದು ವರ್ಷದ ಮೇಲೆ ಅಣ್ಣ ಮಾತಾಡಲು ಸಿಕ್ಕಿದ್ದಾನೆ, ಬಿಡುತ್ತಾಳೆಯೇ? ಪಟದ ಹತ್ತಿರಕ್ಕೆ ತೆವಳಿಕೊಂಡು ಬಂದಳು.

"ಅಣ್ಣಾ, ನನ್ನ ಬೆಳ್ಳಿ ಸುಣ್ಣದ ಡಬ್ಬಿ ಯಾರಿಗೆ ಕೊಟ್ಟೆ? ನಿನ್ನ ಹೆಂಡ್ತಿಗೆ ತಾನೆ? ನಂಗೊತ್ತಿತ್ತು! ಬಾಯಿ ಬಿಡು. ಮೊದ್ಲಿಂದ ಹಿಂಗೇ ನೀನು, ಬೇಕಾದಾಗ ಮೂಗ. ಅಲ್ಲಿ ಊಟ ಸರಿಯಾಗಿ ಸಿಗುತ್ತಾ? ನಾವು ಸುಟ್ಟು ಕಳಿಸಿದ ಕಾಗದದ ಚಪ್ಪಲಿ ಸರಿಹೋಯ್ತಾ?"

ಲುವಾನ್ ಬೆವತ. ಡಬ್ಬಿಯ ವಿಷಯ ಅವನಿಗೇನು ಗೊತ್ತು? ಒಂದು ಕೆಮ್ಮು ಬಂದರೂ ಮುದುಕಿ ಅದಕ್ಕೆ ಅರ್ಥ ಕಟ್ಟುತ್ತಾಳೆ. ಗಂಟಲಲ್ಲಿ ಕೆಮ್ಮು ಏರಿ ಬರುತ್ತಿತ್ತು. ಬೇರೆ ದಾರಿ ತೋಚದೆ ಪಕ್ಕದ ಎಡೆ ತಟ್ಟೆಯಿಂದ ಅಂಟಕ್ಕಿ ಅನ್ನದ ದೊಡ್ಡ ಉಂಡೆ ಕಿತ್ತು ಬಾಯಿಗೆ ತುರುಕಿಕೊಂಡ. ಹಲ್ಲಿಗೆ ಹಲ್ಲು ಮೆತ್ತಿಕೊಂಡಿತು. ಈಗ ದೇವರೇ ಬಂದು ಕೇಳಿದರೂ ಅವನಿಂದ ಒಂದು ಅಕ್ಷರ ಹೊರಡುವಂತಿರಲಿಲ್ಲ.

"ನೋಡ್ರೋ ಇವನ್ನ, ಅಜ್ಜ ಬಂದು ಕೂತಿರೋವಾಗ ತಿಂತಾ ಇದಾನೆ!" ಎಂದ ಥಿನ್.

ಆಗ ಟೀವಿ ಮಿನುಗಿತು.

"ಡಾಂಗ್ ವಾನ್ ಖಾಯ್: (ಕೆಮ್ಮು.) ಕೋಣೆ ನಂಗೆ ಕೊಡಿ. ಹನ್ನೊಂದು ವರ್ಷದಿಂದ ಗೋಡೆ ಮೇಲೆ ನಿಂತೇ ಇದೀನಿ. ಕಾಲು ನೋಯುತ್ತೆ."

ಲುವಾನ್ ಅನ್ನದ ಉಂಡೆಯೊಂದಿಗೆ ಹಾಗೇ ಕಲ್ಲಾದ. ತಾನು ಏನೂ ಅನ್ನಲಿಲ್ಲವಲ್ಲ! ಅಗಿದ ಸದ್ದನ್ನೇ ಈ ದರಿದ್ರ ಗುಮಾಸ್ತ ಚೆಂದ ಮಾಡಿ ಬರೆಯಿತೆ? ಅಲ್ಲ, ಅಲ್ಲ ಎಂದು ಕೈ ಆಡಿಸಿದ. "ಊಂ, ಊಂ" ಎಂಬುದಷ್ಟೇ ಹೊರಬಂತು.

"ಲುವಾನನೂ ಹೂಂ ಅಂತಿದಾನೆ" ಎಂದಳು ಅತ್ತೆ, ಕಣ್ಣೊರೆಸಿಕೊಂಡು. "ಎಷ್ಟು ದೊಡ್ಡ ಮನಸ್ಸು!"

ದೊಡ್ಡಪ್ಪ ಮತ್ತೆ ನಾಣ್ಯ ಹಾಕಿದರು. ಒಂದು ಅಂಗಾತ, ಒಂದು ಬೋರಲು.

ಆಮೇಲೆ ನಡೆದದ್ದನ್ನು ತಡೆಯಲು ದಂಡು ಬಂದರೂ ಆಗುತ್ತಿರಲಿಲ್ಲ. ಅನ್ನ ನುಂಗಿ ಬಾಯಿ ಬಿಡುವಷ್ಟರಲ್ಲಿ ಅವನ ಹಾಸಿಗೆ ಅಂಗಳದಲ್ಲಿತ್ತು. ಥಿನ್‌ನೇ ಮುಂದೆ ನಿಂತು ಕೋಣೆ ಗುಡಿಸಿದ, ಅಜ್ಜನಿಗೆಂದು ಮನೆಯಿಂದ ಹೊಸ ಮಂಚ, ಸೊಳ್ಳೆಪರದೆ ತರಿಸಿದ. ನ್ಯಾನ್ ಅತ್ತೆ ಇನ್ನೊಂದು ಜೊತೆ ಕಾಗದದ ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟಳು.

"ನಾನೂ ಒಂದು ಮೂಲೇಲಿ ಇರ್ತೀನಿ ದೊಡ್ಡಪ್ಪ" ಎಂದು ಲುವಾನ್ ಅಂಗಲಾಚಿದ.

"ಥೂ! ಸತ್ತವರು ಮಲಗೋ ಕೋಣೇಲಿ ಬದುಕಿದವನು ಮಲಗ್ತಾನೇನೋ? ಬುದ್ಧಿ ಬೇಡ್ವಾ?"

"ಹಂಗಾದ್ರೆ ನಾನೆಲ್ಲಿಗೆ ಹೋಗ್ಲಿ?"

"ನಮ್ಮ ಕಾರ್ ಶೆಡ್ಡಿದೆಯಲ್ಲ" ಎಂದ ಥಿನ್. "ಶಾಂತವಾಗಿದೆ. ನಿನ್ನ ಸ್ವಭಾವಕ್ಕೆ ಸರಿಹೋಗುತ್ತೆ."

ಊಟ ಮುಗಿಸಿ ಎಲ್ಲರೂ ಹೊರಟರು. ನಡು ಮಧ್ಯಾಹ್ನದ ಬಿಸಿಲು ಹೆಂಚಿನ ಮೇಲೆ ಸುಡುತ್ತಿತ್ತು, ಮಂದಿರದೊಳಗೆ ಮಾತ್ರ ಬಾವಿಯೊಳಗಿನ ತಂಪು. ಎಲ್ಲವನ್ನೂ ಅಳಿಸಿಹಾಕಬೇಕೆಂದು ಲುವಾನ್ ಫೋನು ಎತ್ತಿಕೊಂಡ. ಗುಮಾಸ್ತ ಕಾಯುತ್ತಿತ್ತು.

"ಒಂದು ಅನುಮಾನ. ಇಂದು ಡಾಂಗ್ ವಾನ್ ಖಾಯ್ ಹೆಸರಿನಲ್ಲಿ ಎರಡು ದನಿಗಳಿವೆ. ಬೆಳಗಿನದು, ಸಭೆಯ ಮೊದಲ ಮಾತಿನದು ಒಂದೇ. ಅದು ಲುವಾನ್ ಅವರ ದನಿಗೆ ಹತ್ತಿರವಿದೆ. ಕೋಣೆ ಕೇಳಿದ ದನಿ ಬೇರೆ. ಬೇರೆ ಬೇರೆ ಜನ ಎಂದು ತಿದ್ದಿ ಎಲ್ಲರಿಗೂ ಕಳಿಸಲೇ?"

ತಿದ್ದಿದರೆ ಕಳ್ಳ ತಾನೆಂದು ಊರಿಗೆಲ್ಲ ತಿಳಿಯುತ್ತದೆ. ತಿದ್ದದಿದ್ದರೆ ಕೋಣೆ ಅಜ್ಜನದೇ. ಲುವಾನನಿಗೆ ಪಟದತ್ತ ನೋಡಲು ಧೈರ್ಯವಾಗಲಿಲ್ಲ. 'ಬೇಡ' ಎಂದು ಒತ್ತಿ, ಹಾಸಿಗೆಯನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿದ.

ಹಿಂದಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಎರಡು ಗಿಡ್ಡ ಕೆಮ್ಮು, ಒಂದು ಉದ್ದ.

ಕೈಯಲ್ಲಿದ್ದ ಫೋನು ನಡುಗಿತು. ಕೆಲಸಗಳ ಪಟ್ಟಿಗೆ ಹೊಸದೊಂದು ಸೇರಿತ್ತು.

"ಕೆಲಸ: ನಾಳೆಯಿಂದ ಬಟ್ಟಲಿಗೆ ಸಾರಾಯಿ ಇಡುವುದು. ನೀರು ಬೆರೆಸಿದ ಚಹಾ ಬೇಡ. ಹೇಳಿದವರು: ಡಾಂಗ್ ವಾನ್ ಖಾಯ್. ಮಾಡಬೇಕಾದವರು: ಲುವಾನ್."