ಮೀನಿಗೂ ಸೂತಕ

ನನ್ನ ಅಕ್ಕನಷ್ಟು ಮೀನು ಕೊಯ್ದವರು ಬೈಂದೂರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಪಂಥ ಕಟ್ಟಬಲ್ಲೆ. ಮೂವತ್ತು ವರ್ಷ ಮಾರ್ಕೆಟ್ಟಿನ ಒಂದೇ ಕಟ್ಟೆಯ ಮೇಲೆ ಕತ್ತಿಮಣೆ ಇಟ್ಟುಕೊಂಡು ಕುಳಿತವಳು. ಬಂಗುಡೆ, ಬೈಗೆ, ಅಂಜಲ್ ಎಂಬ ಭೇದವಿಲ್ಲದೆ ತಲೆ ಹಾರಿಸಿದವಳು. ಅಂಥವಳು ಅಂಗೈಯಷ್ಟಗಲದ ಒಂದು ಮೀನಿಗೆ ಹುಷಾರಿಲ್ಲವೆಂದು ಗಾಜಿಗೆ ಹಣೆಯೊತ್ತಿ ಅತ್ತಳು ಎಂದರೆ ನಂಬುತ್ತೀರಾ? ನಂಬದಿದ್ದರೂ ನಡೆದೀತು. ಮಾರ್ಕೆಟ್ಟಿನಲ್ಲೂ ಯಾರೂ ನಂಬಲಿಲ್ಲ!

ಮೀನು ಅಕ್ಕನದಲ್ಲ, ಭಾವನದು. ಭಾವ ಗಂಗೊಳ್ಳಿಯಿಂದ ಬೋಟಿಗೆ ಹೋಗುತ್ತಿದ್ದವರು. ಒಮ್ಮೆ ಬಲೆಯ ಮೂಲೆಯಲ್ಲಿ ಹಳದಿ ಮೈಗೆ ಐದು ಕಪ್ಪು ಪಟ್ಟೆಯ ಮರಿಯೊಂದು ಜೀವಂತ ಸಿಕ್ಕಿತು. ಅದನ್ನು ಕೊಡಪಾನದಲ್ಲಿ ಮನೆಗೆ ತಂದರು. ಗಾಜಿನ ತೊಟ್ಟಿ ಬಂತು, ಗುಳುಗುಳು ಎನ್ನುವ ಗಾಳಿಯ ಮೋಟರು ಬಂತು, ವಾರ ವಾರ ಕ್ಯಾನುಗಳಲ್ಲಿ ಸಮುದ್ರವೇ ಮನೆಗೆ ಬರತೊಡಗಿತು.

"ದಿನಾ ಬುಟ್ಟಿಗಟ್ಲೆ ಮೀನ್ ಕಾಂತೆ. ಮನಿಗ್ ಬಂದ್ರೂ ಮೀನಿನ್ ಮೋರೆಯೇ ಕಾಣ್ಕಾ?" ಎಂದು ಅಕ್ಕ ರೇಗಿದಳು.

"ಮಾರ್ಕೆಟ್ಟಲ್ ಇಪ್ಪು ಮೀನ್ ನಿನ್ನ್ ಕಾಂತಿಲ್ಲೆ. ಇದ್ ಕಾಣತ್ತ್" ಎಂದರು ಭಾವ.

ಅಕ್ಕ ಅದಕ್ಕೆ ಹೆಸರಿಡಲು ಬಿಡಲಿಲ್ಲ. ಹೆಸರಿಟ್ಟ ಮೇಲೆ ಕೊಯ್ಯುವುದು ಹೇಗೆ? ಅವಳ ಲೆಕ್ಕದಲ್ಲಿ ಎಲ್ಲ ಮೀನೂ ಒಂದಲ್ಲ ಒಂದು ದಿನ ಕೊಯ್ಯುವ ಮೀನೇ.

ಹೀಗಿರುವಾಗ ಒಂದು ಬೆಳಿಗ್ಗೆ ಭಾವ ಅಂಗಳದಲ್ಲಿ ಬಲೆ ಮಡಚುತ್ತಿದ್ದವರು ಹಾಗೆಯೇ ಒರಗಿದರು. ಮತ್ತೆ ಏಳಲಿಲ್ಲ. ಬ್ರಹ್ಮಾವರದಲ್ಲಿ ಬಟ್ಟೆ ಹೊಲಿದುಕೊಂಡು ಒಂಟಿಯಾಗಿದ್ದ ತಂಗಿ ನಾನು ಹೊಲಿಗೆ ಯಂತ್ರದ ಸಮೇತ ಬಂದು ಅಕ್ಕನ ಜೊತೆ ನಿಂತೆ.

ನಮ್ಮಲ್ಲಿ ಸಾವಿನ ಮನೆಗೆ ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ಮೀನು ಬರುವಂತಿಲ್ಲ. ಆದರೆ ತೊಟ್ಟಿಯ ಮೀನು ತಿನ್ನುತ್ತಿದ್ದದ್ದು ಚಟ್ಲಿಯ ಚೂರು, ಅಂದರೆ ಹಸಿ ಸಿಗಡಿ. ನಾನು ಮೆಲ್ಲಗೆ ಕೇಳಿದೆ, "ಅಕ್ಕಾ, ಅದಕ್ಕೆಂತ ಹಾಕುದ್?"

"ಅನ್ನ ಹಾಕ್. ಯಜಮಾನ್ರ್ ಹೋಯಿರ್. ಅವ್ರ್ ತಂದ ಮೀನಿಗ್ ಸೂತ್ಕ ಇಲ್ದಾ?"

"ಅದ್ ಮೀನ್ ಅಕ್ಕಾ. ಚಟ್ಲಿ ತಿಂಬ ಜಾತಿ."

"ನಾವ್ ಮತ್ತೆಂತ, ಹುಲ್ಲ್ ತಿಂಬ ಜಾತಿಯಾ? ನಾವ್ ಬಿಟ್ಟಿಲ್ಯಾ?"

ನಾನು ಅನ್ನದ ಪಾತ್ರೆ ತಂದೆ. ದಿನಕ್ಕೆರಡು ಸಲ ಕುಚ್ಚಲಕ್ಕಿ ಅನ್ನದ ಅಗುಳು ತೊಟ್ಟಿಗೆ ಬಿತ್ತು. ಮೀನು ಬಾಯಿಗೆ ಹಾಕಿಕೊಂಡು ಉಗುಳಿತು. ಬೊಜ್ಜದ ದಿನ ನೋಡಿದರೆ ಸಮುದ್ರದ ನೀರು ತಿಳಿಗಂಜಿಯಾಗಿತ್ತು. ಮೀನಿನ ಮೈತುಂಬ ಬಿಳಿ ಚುಕ್ಕೆ. ಯಾರೋ ಉಪ್ಪು ಉದುರಿಸಿ ಒಣಗಲು ಇಟ್ಟ ಹಾಗೆ!

ಅಕ್ಕ ತೊಟ್ಟಿಗೆ ಕೈ ಹಾಕಿ ಅದನ್ನು ಎತ್ತಿದಳು. ಕೈಯ ಅಭ್ಯಾಸ ಎಲ್ಲಿ ಬಿಟ್ಟೀತು? ಕಿವಿರು ಬಿಡಿಸಿದಳು, ಹೊಟ್ಟೆ ಒತ್ತಿದಳು, ಕಣ್ಣು ನೋಡಿದಳು. "ಕಣ್ಣ್ ಲಾಯ್ಕ್ ಇತ್ತ್, ಕಿವಿ ಕೆಂಪಿತ್ತ್. ತಾಜಾ ಮೀನ್!"

"ಅಕ್ಕಾ, ಅದ್ ಮಾರೂಕಲ್ಲ, ಬದ್ಕೂಕೆ."

ಮಾರನೆಯ ದಿನ ಅರಿಶಿನ ತೇಯ್ದು ತಂದಳು. ಗಾಯಕ್ಕೆ ಒಳ್ಳೆಯದಂತೆ. ನನಗೆ ನಾಲಿಗೆ ತಡೆಯಲಿಲ್ಲ: "ಉಪ್ಪ್ ಆಯ್ತ್, ಅರಿಶಿನ ಆಯ್ತ್. ಇನ್ನ್ ಮೆಣ್ಸ್ ಒಂದೇ ಬಾಕಿ!" ಅವಳು ನಗಲಿಲ್ಲ. ಬಟ್ಟಲು ಕೆಳಗಿಟ್ಟು ಗಾಜಿಗೆ ಹಣೆಯೊತ್ತಿದಳು. ಗಂಡನ ಹೆಣದ ಮುಂದೆಯೂ ಅಳದಿದ್ದವಳ ಭುಜ ಆಗ ಅಲುಗಿತು.

"ಅವ್ರ್ ಜೀವದಲ್ ಬಿಟ್ಟ್ ಹೋದ್ದ್ ಇದೊಂದೇ. ಇದನ್ನೂ ನಾನೇ ಉಪಾಸ ಕೆಡ್ವಿ ಕೊಂದ್ನಲೆ..."

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಮೀನನ್ನು ಕೊಡಪಾನಕ್ಕೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕುಂದಾಪುರದ ಬಸ್ಸು ಹತ್ತಿದಳು. ಹಿಂದೆ ನಾನು. ಕಂಡಕ್ಟರಿಗೆ ಅವಳ ಗುರುತಿತ್ತು.

"ಹ್ವಾಯ್ ಅಕ್ಕಾ, ಮೀನೆಲ್ಲ ಹಿಂದ್ ಇಡಿ, ವಾಸ್ನಿ ಬತ್ತ್!"

"ಇದ್ ಮೀನಲ್ಲ ಮಾರಾಯಾ, ಪೇಶೆಂಟ್!"

ಇಡೀ ಬಸ್ಸು ನಕ್ಕಿತು. ಅಕ್ಕ ಕೊಡಪಾನವನ್ನು ಮಡಿಲಿನಲ್ಲಿ ಅವುಚಿಕೊಂಡು, ಬಸ್ಸು ಕುಲುಕಿದಾಗಲೆಲ್ಲ ಡ್ರೈವರನಿಗೆ ಬೈಯುತ್ತ, ಮರವಂತೆಯ ಕಡಲನ್ನು ಒಮ್ಮೆಯೂ ತಿರುಗಿ ನೋಡದೆ ಕುಳಿತಿದ್ದಳು.

ಬಣ್ಣದ ಮೀನು ಮಾರುವ ಅಂಗಡಿಯವರು ಕನ್ನಡಕ ಏರಿಸಿ ಇಣುಕಿದರು. "ಮೂರು ನಿಮಿಷ ಬಾವಿ ನೀರಿಗೆ ಹಾಕಿ ತೆಗೀರಿ. ಮತ್ತೆ ಮೂರು ದಿನಕ್ಕೊಮ್ಮೆ ಪಾತ್ರೆ ಬದಲಿಸಿ, ಹೊಸ ಸಮುದ್ರದ ನೀರು ಕೊಡಿ" ಎಂದರು. ಅಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಸಮುದ್ರದ ಮೀನನ್ನ ಬಾವಿ ನೀರಿಗೆ ಹಾಕುದ್ ಸಾರ್ ಮಾಡೂಕಲ್ದಾ?"

ಆದರೂ ಮನೆಗೆ ಬಂದು ಹಾಕಿದಳು. ಬಲೆಯಿಂದ ಮೈ ಗೀರಬಾರದೆಂದು ನನ್ನಿಂದ ಮೆತ್ತನೆಯ ಹತ್ತಿ ಚೀಲವೊಂದನ್ನು ಹೊಲಿಸಿಕೊಂಡಿದ್ದಳು. ಗಡಿಯಾರ ನೋಡುವ ಕೆಲಸ ನನ್ನದು. ಮೀನು ಬಾವಿ ನೀರಿಗೆ ಇಳಿದದ್ದೇ ಅಕ್ಕ ಕೆನ್ನೆ ಉಬ್ಬಿಸಿ ತಾನೂ ಉಸಿರು ಕಟ್ಟಿದಳು! ಅದರ ಕಷ್ಟ ತಿಳಿಯಬೇಕಂತೆ. ಅರ್ಧ ನಿಮಿಷವಾಗಿರಲಿಲ್ಲ, ಮುಖ ಕೆಂಪಾಗಿ, "ತೆಗಿ, ತೆಗಿ, ಸತ್ತೆ!" ಎಂದು ಕೂಗಿ ಮೀನನ್ನು ತಾನೇ ತೆಗೆದುಬಿಟ್ಟಳು. ಎರಡನೆಯ ಸಲ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ನಾನೇ ಮಾಡಿದೆ. ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಮೂರು ನಿಮಿಷವೂ ನಿಲ್ಲಲಿಲ್ಲ.

ಹನ್ನೆರಡು ದಿನ ಅಕ್ಕ ಮಾರ್ಕೆಟ್ಟಿಗೆ ಹೋಗದೆ ಸಮುದ್ರದ ನೀರು ಹೊತ್ತಳು. ಹದಿಮೂರನೆಯ ದಿನ ಮೀನು ಒಂದು ಚೂರು ಚಟ್ಲಿಯನ್ನು ಗಬಕ್ಕನೆ ನುಂಗಿತು. ಅಕ್ಕ ಓಡಿಹೋಗಿ ಓಣಿಯ ಮನೆಗಳಿಗೆಲ್ಲ ಹೇಳಿ ಬಂದಳು, ಮಗು ಹುಟ್ಟಿದ ಹಾಗೆ.

ಅಂದಿನಿಂದ ದಿನಾ ಸಂಜೆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಅದಕ್ಕೆ ಮಾರ್ಕೆಟ್ಟಿನ ಸುದ್ದಿ ಹೇಳುವುದು ಅವಳ ಕ್ರಮವಾಯಿತು. ಯಾವ ಬೋಟು ಬಂತು, ಯಾರ ಜೊತೆ ಜಗಳವಾಯಿತು, ಎಲ್ಲ. ಮೀನಿನ ಮುಂದೆ ಮೀನಿನ ಮರಣವಾರ್ತೆ! ನಾನು ನಕ್ಕರೆ ಗದರುತ್ತಿದ್ದಳು. "ನಗ್ಬೇಡ ಹೆಣ್ಣೇ. ನಾನ್ ಸತ್ತಾಗ ಇದಕ್ಕ್ ಸೂತ್ಕ ಹಿಡ್ಸಬೇಡಿ. ಮೊದ್ಲ್ ಇದಕ್ಕ್ ಚಟ್ಲಿ, ಮತ್ತೆ ನಂಗ್ ನೀರ್."

ಕಳೆದ ತಿಂಗಳು ಅಕ್ಕ ಹೋದಳು. ನಾಲ್ಕೇ ದಿನದ ಜ್ವರ.

ಮಣ್ಣು ಮಾಡಿ ಬಂದ ದಿನ, ಮಾರ್ಕೆಟ್ಟಿನಲ್ಲಿ ಅವಳ ಪಕ್ಕದ ಕಟ್ಟೆಯ ಹೆಂಗಸು ಅಂಗಳದ ತುದಿಯಲ್ಲಿ ನಿಂತಿದ್ದಳು. ಸೊಂಟದಿಂದ ಬಾಳೆ ಎಲೆಯ ಸಣ್ಣ ಪೊಟ್ಟಣ ತೆಗೆದಳು. "ಸೂತ್ಕದ ಮನಿ, ತರೂಕಾಗ. ಆದ್ರೆ ನಿನ್ನಕ್ಕ ನನ್ ಹತ್ರ ಆಣೆ ಹಾಕ್ಸ್ಕಂಡಿತ್ತ್" ಎಂದಳು. ಒಳಗಿದ್ದ ಹಿರಿಯರು ಗೊಣಗಿದರು. ನಾನು ಪೊಟ್ಟಣ ತೆಗೆದುಕೊಂಡು ಚಟ್ಲಿ ಸುಲಿದು ತೊಟ್ಟಿಗೆ ಹಾಕಿದೆ.

ಮೀನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ತೊಟ್ಟಿಯೊಳಗಿನ ಕಪ್ಪು ಕಲ್ಲಿನ ಹಿಂದೆ ಅಲುಗದೆ ನಿಂತಿತ್ತು. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಈ ಸಲ ಯಾರೂ ಹಿಡಿಸದೆ ತಾನಾಗಿ ಸೂತಕ ಹಿಡಿದಿತ್ತು.

ಮೂರನೆಯ ಸಂಜೆ ಅಕ್ಕನ ಸ್ಟೂಲು ಎಳೆದು ಕುಳಿತೆ. ನನಗೆ ಮಾತು ಬರುವುದಿಲ್ಲ, ಹೊಲಿಯುವುದಷ್ಟೇ ಬರುತ್ತದೆ. ಆದರೂ ಹೇಳಿದೆ, "ಇವತ್ತ್ ಬಂಗುಡಿ ಬರ್ಲಿಲ್ಯಂಬ್ರ್. ಅಕ್ಕನ ಕಟ್ಟೆ ಖಾಲಿ ಇತ್ತಂಬ್ರ್. ಯಾರೂ ಕೂತ್ಕಣ್ಲಿಲ್ಯಂಬ್ರ್."

ಮೀನು ಕಲ್ಲಿನ ಹಿಂದಿನಿಂದ ಬಂತು. ಗಾಜಿನ ಆಚೆ ನಿಂತು ನನ್ನನ್ನು ನೋಡಿತು. ಭಾವ ಹೇಳಿದ್ದು ನಿಜ, ಅದು ನಮ್ಮನ್ನು ಕಾಣುತ್ತದೆ. ನಾನು ಅಕ್ಕನಲ್ಲ ಎನ್ನುವುದೂ ಅದಕ್ಕೆ ಕಂಡಿರಬೇಕು. ಆದರೂ ಕೊನೆಗೆ ಚಟ್ಲಿಯ ಒಂದು ಚೂರು ಕಚ್ಚಿಕೊಂಡು ಕಲ್ಲಿನ ಹಿಂದೆ ಹೋಯಿತು.

ಮೂರು ದಿನದಿಂದ ನಾನೂ ಸರಿಯಾಗಿ ಉಂಡಿರಲಿಲ್ಲ. ಕೈ ತೊಳೆದು ಒಳಗೆ ಹೋಗಿ ಗಂಜಿ ಬಡಿಸಿಕೊಂಡೆ.